ಅಟ್ಟ ಇಳಿಸೋಣ: ಮನೆಯಲ್ಲಿ ಯಾವುದಿರಲಿ, ಯಾವುದು ಹೋಗಲಿ

ನಮ್ಮ ತಾತನ ಮನೆ ತಿಪಟೂರು ಕಡೆ. ಅಲ್ಲಿ ಅಟ್ಟ ಅಂದರೆ ಕೊಬ್ಬರಿ ಅಟ್ಟ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಮೇಲೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದರ ಸುದ್ದಿಗೆ ಯಾರೂ ಹೋಗುತ್ತಿರಲಿಲ್ಲ. ಆಮೇಲೊಂದು ದಿನ ತಾತ ಏಣಿ ಹತ್ತಿ, ಒಂದು ಕಾಯಿ ತೆಗೆದು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ನೀರು ಗುಳುಗುಳು ಅಂದರೆ ಇನ್ನೂ ಆಗಿಲ್ಲ. ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಅಂದರೆ ಇಳಿಸಬಹುದು. ಮೇಲೆ ಹೋದದ್ದಕ್ಕೆಲ್ಲ ಕೆಳಗೆ ಬರುವ ದಿನ ಅಂತ ಒಂದಿತ್ತು.

ಈಗ ತುಮಕೂರಿನಲ್ಲಿ ನಮ್ಮದು 30-40 ಸೈಟಿನ ಮನೆ. ಇಲ್ಲೂ ಅಟ್ಟ ಇದೆ. ಅಡುಗೆಮನೆ ಮೇಲೊಂದು, ಬಚ್ಚಲುಮನೆ ಮೇಲೊಂದು. ವ್ಯತ್ಯಾಸ ಏನಪ್ಪಾ ಅಂದರೆ ಇಲ್ಲಿ ಮೇಲೆ ಹೋದದ್ದು ಇಳಿಯುವುದೇ ಇಲ್ಲ. ಹೋದ ವರ್ಷ ಬಣ್ಣ ಹೊಡೆಸೋಕೆ ಅಂತ ಎಲ್ಲಾ ಇಳಿಸಿದೆವು. ಮೂರು ಮಿಕ್ಸಿ ಜಾರು ಸಿಕ್ಕಿದವು, ಮಿಕ್ಸಿ ಸತ್ತು ಆರು ವರ್ಷ ಆಗಿದೆ. ಹತ್ತೊಂಬತ್ತು ಬೀಗದ ಕೈ ಸಿಕ್ಕಿದವು, ಬೀಗ ಒಂದೂ ಇಲ್ಲ. ಹಳೇ ಟಿವಿ ಜೊತೆ ಬಂದ ಥರ್ಮಾಕೋಲು ಹಾಗೇ ಇತ್ತು, ಟಿವಿನೇ ಇಲ್ಲ. ಪೇಂಟರ್ ಹುಡುಗ ಹಾಲ್ ಮಧ್ಯೆ ನಿಂತು "ಅಣ್ಣ, ಇದೆಲ್ಲ ವಾಪಸ್ ಮೇಲಕ್ಕೇನಾ?" ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಹಬ್ಬಕ್ಕೆ ಮುಂಚೆ ಧೂಳು ಹೊಡೆಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆಗ ನಾವು ಸಾಮಾನು ಇಳಿಸುತ್ತೇವೆ, ಒರೆಸುತ್ತೇವೆ, ಮತ್ತೆ ಅಲ್ಲೇ ಇಡುತ್ತೇವೆ. ಇಡೋದಾ, ಬಿಡೋದಾ ಅನ್ನುವುದು ಮಾತ್ರ ಮುಂದಿನ ಹಬ್ಬಕ್ಕೆ ಹೋಗುತ್ತದೆ. ಆ ತೀರ್ಮಾನ ಮಾಡುವುದು ಹೇಗೆ ಅಂತ ಒಂದು ವರ್ಷ ಒದ್ದಾಡಿ, ಒಂದೆರಡು ಸಲ ಎಡವಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರು ಎಲ್ಲಿಂದ

ಅಟ್ಟದಿಂದ ಬೇಡ. ಫೋಟೋ ಆಲ್ಬಮ್ಮಿನಿಂದಂತೂ ಬೇಡವೇ ಬೇಡ, ಮೊದಲ ಆಲ್ಬಮ್ ತೆರೆದರೆ ಅವತ್ತಿನ ಕೆಲಸ ಅಲ್ಲಿಗೇ ಮುಗಿಯಿತು. ಮನಸ್ಸಿಗೆ ಅಂಟದ ಜಾಗದಿಂದ ಶುರು ಮಾಡಿ. ಮಾತ್ರೆ ಡಬ್ಬ, ಬಚ್ಚಲುಮನೆ ಗೂಡು, ಫ್ರಿಜ್ ತಲೆ ಮೇಲಿನ ಸಾಮಾನು, ಚಪ್ಪಲಿ ಸ್ಟ್ಯಾಂಡ್. ಕಿತ್ತುಹೋದ ಚಪ್ಪಲಿ ಬಿಸಾಕೋಕೆ ಯಾರೂ ಅಳುವುದಿಲ್ಲ. ಅಲ್ಲಿ ಕೈ ಪಳಗಿದರೆ ಆಮೇಲೆ ಬೀರು, ಆಮೇಲೆ ಕಾಗದಪತ್ರ, ಕೊನೆಗೆ ಅಟ್ಟ.

ಒಂದು ಸಲಕ್ಕೆ ಒಂದೇ ಜಾಗ, ಎರಡು ಗಂಟೆ. ಇಡೀ ಮನೆ ಒಂದೇ ಭಾನುವಾರ ಅಂತ ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಲಿನಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ, ಆಗ ಸುಸ್ತಾಗಿ, ಸಿಟ್ಟಾಗಿ ಎಲ್ಲವನ್ನೂ ಗುಡ್ಡೆ ಹಾಕಿ ಮತ್ತೆ ಮೇಲಕ್ಕೇ ತುರುಕುತ್ತೀರಿ, ನಾನು ಮೊದಲ ಸಲ ಮಾಡಿದ್ದೇ ಅದು. ಬೆಳಗ್ಗೆ ತಿಂಡಿ ಆದಮೇಲೆ ಕೂರಿ, ಊಟಕ್ಕೆ ಮುಂಚೆ ಮುಗಿಸಿ.

ಆ ಜಾಗವನ್ನು ಪೂರ್ತಿ ಖಾಲಿ ಮಾಡಬೇಕು. ಇದ್ದಲ್ಲೇ ನೋಡಿ ಆರಿಸುತ್ತೇನೆ ಅಂದರೆ ಆಗದು, ಇದ್ದ ಜಾಗದಲ್ಲಿ ಪ್ರತಿ ಸಾಮಾನೂ ಬೇಕು ಅಂತಲೇ ಕಾಣುತ್ತದೆ. ನೆಲದ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಸುರಿಯಿರಿ. ಪಕ್ಕದಲ್ಲಿ ಮೂರು ಅಕ್ಕಿ ಚೀಲ: ಒಂದು ಇರುವುದಕ್ಕೆ, ಒಂದು ಯಾರಿಗಾದರೂ ಕೊಡುವುದಕ್ಕೆ, ಒಂದು ಗುಜರಿಗೆ. ಜೊತೆಗೊಂದು ರಟ್ಟಿನ ಡಬ್ಬ, ಅನುಮಾನ ಇರುವುದಕ್ಕೆ. ಅದರ ಕತೆ ಕೊನೆಯಲ್ಲಿ ಹೇಳುತ್ತೇನೆ.

ಇನ್ನೊಂದು ಸಣ್ಣ ಚೀಲವೂ ಬೇಕಾಗುತ್ತದೆ, ಬೇರೆಯವರ ಸಾಮಾನಿಗೆ. ಪಕ್ಕದ ಮನೆಯವರು ಹೋಳಿಗೆ ಕೊಟ್ಟ ಡಬ್ಬಿ, ಅತ್ತಿಗೆಯ ಕುಕ್ಕರ್, ಯಾರದೋ ಕೊಡೆ. ನಮ್ಮಲ್ಲಿ ಇಂಥವೇ ಏಳು ಸಿಕ್ಕಿದವು. ಎರಡು ಡಬ್ಬಿ ಯಾರವು ಅಂತ ಇವತ್ತಿಗೂ ಗೊತ್ತಾಗಿಲ್ಲ.

ನಿಮ್ಮದಲ್ಲದ್ದನ್ನು ನೀವು ತೀರ್ಮಾನಿಸಬೇಡಿ

ಅಮ್ಮನ ಸಾಮಾನು ಅಮ್ಮನೇ ನೋಡಬೇಕು. ಮಗನದ್ದು ಮಗನೇ. ಹಾಲು ಪುಡಿ ಡಬ್ಬಿಯೊಂದು ತುಕ್ಕು ಹಿಡಿದಿತ್ತು, ಒಳಗೆ ಗುಂಡಿ, ಹುಕ್ಕು, ಮುರಿದ ಪಿನ್ನು. ಸುಮ್ನೆ ಗುಜರಿ ಚೀಲಕ್ಕೆ ಹಾಕಿದೆ. ಅದರಲ್ಲಿ ಅಜ್ಜಿಯ ಕುಪ್ಪಸದ ಬೆಳ್ಳಿ ಗುಂಡಿ ಎರಡಿದ್ದವಂತೆ. ಅಮ್ಮ ಎರಡು ದಿನ ಮಾತಾಡಲಿಲ್ಲ. ಬೈದಿದ್ದರೆ ಪರವಾಗಿಲ್ಲ ಅನಿಸುತ್ತಿತ್ತು.

ಹಿರಿಯರ ಜೊತೆ ಕೂತು ಮಾಡುವಾಗ "ಇದ್ಯಾಕಮ್ಮ, ಬಿಸಾಕು" ಅಂದರೆ ಕೆಲಸ ಕೆಡುತ್ತದೆ. "ಇರ್ಲಿ ಬಿಡೋ, ಯಾವಾಗ್ಲಾದ್ರೂ ಬೇಕಾಗುತ್ತೆ" ಅನ್ನುವ ಉತ್ತರ ತಯಾರಿರುತ್ತದೆ. ಅದರ ಬದಲು "ಇದು ಯಾರು ಕೊಟ್ಟಿದ್ದಮ್ಮ?" ಅಂತ ಕೇಳಿ. ಕತೆ ಬರುತ್ತದೆ. ಕತೆ ಹೇಳಿ ಮುಗಿಸಿದ ಮೇಲೆ ಅವರೇ ಎಷ್ಟೋ ಸಲ "ತಗೊಂಡೋಗು, ಆ ಹುಡುಗಿಗೆ ಕೊಡು, ಹೊಸ ಸಂಸಾರ ಮಾಡಿದ್ದಾಳೆ" ಅನ್ನುತ್ತಾರೆ. ಕತೆನೇ ಇಲ್ಲದ ಸಾಮಾನಾದರೆ ಇನ್ನೂ ಸಲೀಸು.

ಕೈಯಲ್ಲಿ ಹಿಡಿದು ಕೇಳಬೇಕಾದ್ದು

ಒಂದೊಂದನ್ನೇ ಕೈಗೆ ತಗೊಳ್ಳಿ. ಮೊದಲ ಪ್ರಶ್ನೆ, ಹೋದ ಯುಗಾದಿಯಿಂದ ಈ ಯುಗಾದಿವರೆಗೆ ಇದನ್ನು ಮುಟ್ಟಿದ್ದೇವಾ? ಯುಗಾದಿಯನ್ನು ಸುಮ್ನೆ ಹೇಳಿಲ್ಲ. ಒಂದು ಸುತ್ತು ಹಬ್ಬ ಬಂದು ಹೋಗಿದೆ ಅಂದರೆ ಗೌರಿ ಬಾಗಿನಕ್ಕೂ, ಆಯುಧಪೂಜೆಗೂ, ದೀಪಾವಳಿಗೂ, ಮಳೆಗೂ, ಚಳಿಗೂ ಬೇಕಾದ್ದು ಒಮ್ಮೆ ಆಚೆ ಬಂದಿರಲೇಬೇಕು. ಆಗಲೂ ಬಾರದೇ ಇದ್ದದ್ದು ಇನ್ಯಾವಾಗ ಬರುತ್ತದೆ? ದಸರಾ ಬೊಂಬೆ, ಶ್ಯಾವಿಗೆ ಒತ್ತು, ಹಬ್ಬಕ್ಕೆ ಕರಿಯುವ ದೊಡ್ಡ ಬಾಣಲೆ ಇವೆಲ್ಲ ವರ್ಷಕ್ಕೊಮ್ಮೆ ಬಳಸುವಂಥವೇ. ಅವು ಬೇಡದ ಸಾಮಾನಲ್ಲ, ಅವಕ್ಕೆ ಮೇಲಿನ ಗೂಡು ಸರಿ.

ಎರಡನೆಯದು, ನಾಳೆ ಬೇಕಾದರೆ ಸಿಗುತ್ತದಾ, ಎಷ್ಟಕ್ಕೆ? ಮಂಡಿಪೇಟೆಗೆ ಹೋಗಿ ಅರ್ಧ ಗಂಟೆಯಲ್ಲಿ, ನೂರಿನ್ನೂರು ರೂಪಾಯಿಗೆ ತರಬಹುದಾದ್ದನ್ನು ಹತ್ತು ವರ್ಷ ಅಟ್ಟದಲ್ಲಿ ಕಾಯುವುದು ಬೇಡ. ಪ್ಲಾಸ್ಟಿಕ್ ಮಗ್ಗು, ಹಗ್ಗದ ತುಂಡು, ರಟ್ಟಿನ ಡಬ್ಬ ಎಲ್ಲ ಇಲ್ಲಿಗೇ ಮುಗಿಯಿತು. ಅದೇ ತಾತನ ಸೇರು, ಪಾವು ಕಳೆದರೆ ಯಾವ ಅಂಗಡಿಯಲ್ಲೂ ಸಿಗದು.

ಮೂರನೆಯದು ನನಗೆ ತುಂಬಾ ಕೆಲಸಕ್ಕೆ ಬಂದದ್ದು. ನಾಳೆ ಮನೆ ಬದಲಾಯಿಸುತ್ತಿದ್ದೇವೆ ಅಂದುಕೊಳ್ಳಿ, ಲಾರಿ ಬಾಗಿಲಲ್ಲಿ ನಿಂತಿದೆ. ಇದನ್ನು ಪೇಪರ್ ಸುತ್ತಿ, ಡಬ್ಬಕ್ಕೆ ಹಾಕಿ, ಹೊತ್ತು ಏರಿಸುತ್ತೀರಾ? ಬಾಡಿಗೆ ಮನೆಯಲ್ಲಿ ಇದ್ದವರಿಗೆ ಇದು ಹೇಳಬೇಕಾಗಿಲ್ಲ. ನಾಲ್ಕು ಮನೆ ಬದಲಾಯಿಸಿದವರ ಮನೆ ನೋಡಿ, ಎಷ್ಟು ಚೊಕ್ಕ ಇರುತ್ತದೆ. ಸ್ವಂತ ಮನೆ ಕಟ್ಟಿಸಿದವರದ್ದೇ ಈ ಕಾಯಿಲೆ.

ಕೆಟ್ಟಿದ್ದರೆ? ರಿಪೇರಿ ಮಾಡಿಸಬೇಕು ಅಂತ ಇಟ್ಟಿದ್ದೇವೆ ಅನ್ನುವುದು ದೊಡ್ಡ ಸುಳ್ಳು. ಹದಿನೈದು ದಿನ ಗಡುವು ಕೊಡಿ. ಆ ಹದಿನೈದು ದಿನ ಅದು ಅಟ್ಟದಲ್ಲಿ ಇರಬಾರದು, ಬಾಗಿಲ ಹತ್ತಿರ, ಎಡವುವ ಜಾಗದಲ್ಲಿ ಇರಬೇಕು. ಅಷ್ಟರಲ್ಲಿ ಅಂಗಡಿ ಮುಟ್ಟದಿದ್ದರೆ ಗುಜರಿ.

ದುಡ್ಡು ಕೊಟ್ಟಿದ್ದೇವಲ್ಲ ಅನ್ನುವ ಸಂಕಟಕ್ಕೆ ಮದ್ದಿಲ್ಲ. ನಾನೂ ನಾಲ್ಕು ಸಾವಿರ ಕೊಟ್ಟು ತಂದ ಹೊಟ್ಟೆ ಕರಗಿಸುವ ಯಂತ್ರವನ್ನು ಎರಡು ವರ್ಷ ಬಟ್ಟೆ ಒಣಹಾಕೋಕೆ ಬಳಸಿದೆ. ಕೊಟ್ಟ ದುಡ್ಡು ಅವತ್ತೇ ಹೋಯಿತು, ಇವತ್ತು ಹೋಗುತ್ತಿರುವುದು ಜಾಗ.

ಅಡುಗೆಮನೆ

ಮೊದಲು ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಮುಚ್ಚಳ ಹಾಕಿ ಜೋಡಿ ಮಾಡಿ. ಜೋಡಿ ಸಿಗದ್ದು ಗುಜರಿ. ಇದೊಂದರಲ್ಲೇ ಅರ್ಧ ಗೂಡು ಖಾಲಿಯಾಗುತ್ತದೆ. ಪದರ ಎದ್ದ ನಾನ್‌ಸ್ಟಿಕ್ ತವಾ ಹೋಗಲಿ. ಕುಕ್ಕರ್ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಹಾಳಾಗಿದ್ದರೆ ಬದಲಾಯಿಸಿ ಬಳಸಬಹುದು. ತಳ ಉಬ್ಬಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಅದರಲ್ಲಿ ಬೇಯಿಸುವ ಧೈರ್ಯ ಬೇಡ.

ಹಿತ್ತಾಳೆ, ತಾಮ್ರದ ವಿಷಯದಲ್ಲಿ ಅವಸರ ಮಾಡಬೇಡಿ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ, ಮೊಸರು, ಸಾರು ಇಟ್ಟರೆ ಲೋಹ ಬಿಡುತ್ತದೆ, ತಿನ್ನಬಾರದು. ಹಾಗಂತ ಪಾತ್ರೆಯೇ ಕೆಟ್ಟಿದೆ ಅಂತಲ್ಲ. ಕಲಾಯಿ ಹಾಕಿಸಿದರೆ ಮತ್ತೆ ಅಡುಗೆಗೆ ಬರುತ್ತದೆ. ಹಾಕಿಸುವ ಮನಸ್ಸಿಲ್ಲದಿದ್ದರೆ ಹಂಡೆಯಲ್ಲಿ ಗಿಡ ಇಡಿ, ನೀರು ತುಂಬಿ ಹೂ ತೇಲಿಬಿಡಿ. ಅದೂ ಬೇಡ, ಮಾರುತ್ತೇವೆ ಅಂದರೆ ತೂಕಕ್ಕೆ ಮಾರಿ. ಬೀದಿಯಲ್ಲಿ ಬಂದವರು "ಅಮ್ಮ, ಈ ಹಂಡೆಗೆ ಎರಡು ಸ್ಟೀಲ್ ಡಬ್ಬ ಕೊಡ್ತೀನಿ" ಅಂದರೆ ಒಪ್ಪಬೇಡಿ. ಹಿತ್ತಾಳೆಗೆ, ತಾಮ್ರಕ್ಕೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ರೇಟು ಇರುತ್ತದೆ, ದಿನಾ ಬದಲಾಗುತ್ತದೆ. ಎರಡು ಅಂಗಡಿಯಲ್ಲಿ ಕೇಳಿ, ಮನೆಯಲ್ಲೇ ಒಮ್ಮೆ ತೂಗಿ ಇಟ್ಟುಕೊಂಡು ಹೋಗಿ.

ಒರಳುಕಲ್ಲು, ರಾಗಿ ಬೀಸೋ ಕಲ್ಲು ಇದ್ದರೆ? ಬೀಸುವವರು ಇಲ್ಲ, ಎತ್ತುವವರೂ ಇಲ್ಲ. ನಮ್ಮದು ಹಿತ್ತಲಲ್ಲಿ ಮಣ್ಣಿಗೆ ಅರ್ಧ ಹೂತು ಕೂತಿದೆ, ಗುಬ್ಬಿಗೆ ನೀರು ಇಡೋಕೆ ಚೆನ್ನಾಗಿದೆ. ಮುದ್ದೆ ಕೋಲು ಮಾತ್ರ ಎಷ್ಟು ಹಳೆಯದಾದರೂ ಬಿಡಬೇಡಿ, ಹೊಸ ಕೋಲು ಕೈಗೆ ಹೊಂದೋಕೆ ವರ್ಷ ಹಿಡಿಯುತ್ತದೆ.

ಬಟ್ಟೆ

ಬಟ್ಟೆಯಲ್ಲಿ ತೊಟ್ಟು ನೋಡುವುದೇ ಪರೀಕ್ಷೆ. "ಸಣ್ಣ ಆದಮೇಲೆ ಹಾಕ್ಕೊಳ್ತೀನಿ" ಅನ್ನುವ ಪ್ಯಾಂಟು ಒಂದಿರಲಿ, ಆರು ಬೇಡ.

ಕೊಡುವ ಬಟ್ಟೆಗೂ ಬಿಸಾಕುವ ಬಟ್ಟೆಗೂ ಗೆರೆ ಎಳೆಯಿರಿ. ಗುಂಡಿ ಇದ್ದು, ಜಿಪ್ ಕೆಲಸ ಮಾಡುತ್ತಾ, ಕಲೆ ಇಲ್ಲದೆ, ನೀವೇ ಇನ್ನೊಂದು ಸಲ ತೊಟ್ಟು ಆಚೆ ಹೋಗಬಹುದು ಅನ್ನುವಂತಿದ್ದರೆ ಒಗೆದು, ಮಡಿಸಿ ಕೊಡಿ. ಮಿಕ್ಕದ್ದು ಕೊಡುವ ಲೆಕ್ಕಕ್ಕೆ ಬರುವುದಿಲ್ಲ. ಹತ್ತಿ ಆದರೆ ಒರೆಸೋ ಬಟ್ಟೆಗೆ ಕತ್ತರಿಸಿ, ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಅದನ್ನು ಇಟ್ಟುಕೊಂಡು ಪ್ರಯೋಜನವಿಲ್ಲ. ಸ್ಕೂಲ್ ಯೂನಿಫಾರ್ಮ್ ಅದೇ ಸ್ಕೂಲಿನ ಕೆಳಗಿನ ಕ್ಲಾಸಿನ ಮಕ್ಕಳಿಗೆ, ಅದೂ ಮೇ ತಿಂಗಳಲ್ಲೇ ಕೊಡಿ. ಜೂನ್ ಕಳೆದರೆ ಅವರು ಹೊಸದು ಹೊಲಿಸಿರುತ್ತಾರೆ.

ರೇಷ್ಮೆ ಸೀರೆ ಇಡುವುದಾದರೆ ಪ್ಲಾಸ್ಟಿಕ್ ಕವರಿನಿಂದ ತೆಗೆದು ಹತ್ತಿ ಬಟ್ಟೆಯಲ್ಲಿ ಸುತ್ತಿ, ನಾಲ್ಕೈದು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಆ ಗೆರೆಯಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಸೀಳಿಹೋದ ಹಳೇ ಸೀರೆಯ ಜರಿ ಅಸಲಿ ಬೆಳ್ಳಿ ಜರಿ ಆಗಿದ್ದರೆ ಅದನ್ನು ಕೊಳ್ಳುವವರಿದ್ದಾರೆ, ಹಾಗಾಗಿ ಪಾತ್ರೆಯವರಿಗೆ ಕೊಡುವ ಮುಂಚೆ ಒಮ್ಮೆ ತೋರಿಸಿ.

ಇನ್ನು ಬ್ಲೌಸ್ ಪೀಸ್. ಅಮ್ಮನ ಟ್ರಂಕಿನಲ್ಲಿ ನಲವತ್ತಮೂರು ಇದ್ದವು, ಎಣಿಸಿದ್ದೇನೆ. ಹಳದಿ, ಹಸಿರು, ಕೆಂಪು, ಒಂದರದ್ದೂ ಮಡಿಕೆ ಬಿಚ್ಚಿಲ್ಲ. ಅವು ಹೊಲಿಸಿಕೊಳ್ಳೋಕೆ ಅಂತ ಬಂದವಲ್ಲ, ಒಬ್ಬರ ಗೃಹಪ್ರವೇಶದಲ್ಲಿ ಬಂದದ್ದು ಇನ್ನೊಬ್ಬರ ನಾಮಕರಣಕ್ಕೆ ಹೋಗುತ್ತದೆ, ಊರೆಲ್ಲ ಸುತ್ತಿ ಒಂದು ದಿನ ಅದೇ ಪೀಸು ಮತ್ತೆ ನಮ್ಮನೆಗೇ ಬಂದರೂ ಆಶ್ಚರ್ಯ ಇಲ್ಲ. ಹತ್ತು ಒಳ್ಳೆಯದನ್ನು ತಾಂಬೂಲಕ್ಕೆ ಇಟ್ಟುಕೊಂಡು ಮಿಕ್ಕದ್ದನ್ನು ಟೈಲರಿಂಗ್ ಕಲಿಯುತ್ತಿರುವ ಹೆಣ್ಣುಮಕ್ಕಳಿಗೆ ಕೊಟ್ಟೆವು. ಕತ್ತರಿಸಿ ಕಲಿಯೋಕೆ ಹೊಸ ಬಟ್ಟೆ ಯಾರು ಕೊಡುತ್ತಾರೆ, ಅಲ್ವಾ? ತಾಂಬೂಲದ ಚೀಲಗಳದ್ದೂ ಇದೇ ಗತಿ. ವಧೂವರರ ಹೆಸರು ಅಚ್ಚಾಗಿದೆ ಅಂತ ಅವನ್ನು ತಿಜೋರಿಯಲ್ಲಿ ಇಡಬೇಕಿಲ್ಲ, ತರಕಾರಿ ತರೋಕೆ ಗಟ್ಟಿಯಾಗಿರುತ್ತವೆ.

ಕಾಗದಪತ್ರ: ಇಲ್ಲಿ ನಿಧಾನ

ಮಿಕ್ಕದ್ದರಲ್ಲಿ ತಪ್ಪಿದರೆ ಹೋಗಲಿ ಬಿಡು ಅನ್ನಬಹುದು. ಇಲ್ಲಿ ಆಗದು. ಎರಡು ವರ್ಷದ ಹಿಂದೆ ಹಳೇ ಪೇಪರಿನ ಕಟ್ಟಿನ ಮಧ್ಯೆ ಒಂದು ನೀಲಿ ಫೈಲು ಸೇರಿ ಗುಜರಿಗೆ ಹೋಯಿತು. ಅಪ್ಪ ಕಟ್ಟಿದ ಮನೆ ಕಂದಾಯದ ರಸೀದಿಗಳೆಲ್ಲ ಅದರಲ್ಲಿದ್ದವು. ಮಾರನೇ ದಿನ ಬೆಳಗ್ಗೆ ಓಡಿದೆ, ಲೋಡು ರಾತ್ರಿಯೇ ಹೋಗಿತ್ತು. ಆಮೇಲೆ ಅದರ ನಕಲು ಹಿಡಿಯೋಕೆ ಕಚೇರಿಗೆ ನಾಲ್ಕು ಸಲ ಅಲೆದೆ. ಅವತ್ತಿನಿಂದ ನಮ್ಮಲ್ಲಿ ಒಂದು ನಿಯಮ: ಕಾಗದ ಆಚೆ ಹೋಗುವ ಮುಂಚೆ ಇಬ್ಬರು ನೋಡಬೇಕು, ಪ್ರತಿ ಹಾಳೆ ಮಗುಚಿ ನೋಡಬೇಕು.

ಯಾವತ್ತೂ ಬಿಡಬಾರದ್ದು ಇವು. ಮನೆ, ಸೈಟು, ಜಮೀನಿನ ಕ್ರಯಪತ್ರ, ಅದಕ್ಕೂ ಹಿಂದಿನ ಮೂಲಪತ್ರಗಳು, ವಿಭಾಗಪತ್ರ, ದಾನಪತ್ರ, ವಿಲ್, ಖಾತೆ, ಮ್ಯುಟೇಷನ್, ಸರ್ವೆ ನಕ್ಷೆ, ಪ್ಲಾನ್ ಮಂಜೂರಾತಿ, ಕಂದಾಯ ರಸೀದಿ. ಪಹಣಿ ಈಗ ಭೂಮಿ ತಂತ್ರಾಂಶದಲ್ಲಿ ಸಿಗುತ್ತದೆ, ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಹಾಗಾಗಿ ಹೋದ ವರ್ಷ ತೆಗೆಸಿದ ಪಹಣಿಯ ಐದು ಪ್ರತಿ ಇದ್ದರೆ ಒಂದು ಸಾಕು. ಆದರೆ ಅಜ್ಜನ ಕಾಲದ ಕೈಬರಹದ ಪಹಣಿ, ಹಳೇ ಸರ್ವೆ ಟಿಪ್ಪಣಿ ಇದ್ದರೆ ಹಾಗೇ ಇಡಿ. ಅಣ್ಣತಮ್ಮಂದಿರ ಮಧ್ಯೆ ಗಡಿ ಮಾತು ಬಂದಾಗ ಅದೇ ಮಾತಾಡುವುದು. ಸಾಲ ತೀರಿಸಿದಾಗ ಬ್ಯಾಂಕು ಕೊಟ್ಟ ಬಾಕಿ ಇಲ್ಲ ಅನ್ನುವ ಪತ್ರವೂ ಇದೇ ಫೈಲಿಗೆ.

ಜನನ, ಮರಣ, ಮದುವೆ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲಾ ಅಂಕಪಟ್ಟಿ, ಟಿಸಿ, ಕೆಲಸದ ಆದೇಶ, ಪಿಂಚಣಿ ಪತ್ರ ಇರಬೇಕು. ಇನ್ಶೂರೆನ್ಸ್ ಬಾಂಡ್ ದುಡ್ಡು ಕೈಗೆ ಬರುವವರೆಗೆ ಇರಬೇಕು. ಡಿಜಿಲಾಕರ್‌ನಲ್ಲಿ ಇದೆಯಲ್ಲ ಅಂತ ಅಸಲಿ ಅಂಕಪಟ್ಟಿ ಕಡೆಗಣಿಸಬೇಡಿ, ಕೆಲಸಕ್ಕೆ ಸೇರುವಾಗ ಮೂಲಪ್ರತಿ ತನ್ನಿ ಅನ್ನುವವರು ಇದ್ದೇ ಇದ್ದಾರೆ. ಯಾವುದನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ಒಮ್ಮೆ ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದೆ ಬಿಡಿಸೋಕೆ ಆಗದು.

ಕೆಲವು ಕಾಲ ಮಾತ್ರ ಇಡಬೇಕಾದವು ಬೇರೆ. ಆದಾಯ ತೆರಿಗೆಯ ರಿಟರ್ನ್, ಫಾರ್ಮ್ 16, ಅದಕ್ಕೆ ಹೊಂದುವ ರಸೀದಿ, ಪಾಸ್‌ಬುಕ್ಕುಗಳನ್ನು ಏಳೆಂಟು ವರ್ಷ ಇಡಿ, ಇಲಾಖೆ ಹಿಂದಿನ ವರ್ಷಗಳನ್ನು ಕೆದಕಿ ಕೇಳಬಹುದು. ಮನೆ ಕಟ್ಟಿಸಿದ ಸಿಮೆಂಟು, ಕಬ್ಬಿಣ, ಮೇಸ್ತ್ರಿ ಬಿಲ್ಲು ಇದ್ದರೆ ಮನೆ ಮಾರುವವರೆಗೂ ಬೇಕು. ಮಾರಿದಾಗ ಲಾಭದ ಮೇಲಿನ ತೆರಿಗೆ ಲೆಕ್ಕ ಹಾಕುವಾಗ ಆ ಖರ್ಚು ಕಳೆಯಬಹುದು, ಆಮೇಲೂ ಅವು ಏಳೆಂಟು ವರ್ಷ ತೆರಿಗೆ ಫೈಲಿನಲ್ಲಿರಲಿ. ಬೆಸ್ಕಾಂ ಕರೆಂಟ್ ಬಿಲ್ಲು ಒಂದು ವರ್ಷದ್ದು ಸಾಕು, ಸಂಪರ್ಕದ ಆರ್‌ಆರ್ ನಂಬರ್ ಮತ್ತು ಡಿಪಾಸಿಟ್ ರಸೀದಿ ಮಾತ್ರ ಜೋಪಾನ. ವಾರಂಟಿ ಬಿಲ್ಲು ವಾರಂಟಿ ಇರುವಷ್ಟು ದಿನ. ಈಗಿನ ಅಂಗಡಿ ಬಿಲ್ಲಿನ ಅಕ್ಷರ ಆರು ತಿಂಗಳಿಗೇ ಮಾಯವಾಗುತ್ತದೆ, ತಂದ ದಿನವೇ ಜೆರಾಕ್ಸ್ ಮಾಡಿ ಪಿನ್ ಹೊಡೆಯಿರಿ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಯಾವತ್ತಿಗೂ ಇರಲಿ, ಬಿಲ್ಲುಗಳು ಕ್ಲೇಮ್ ಮುಗಿದು ತೆರಿಗೆ ಲೆಕ್ಕ ಮುಗಿದ ಮೇಲೆ ಬೇಡ.

ಇವತ್ತೇ ಹೋಗಬೇಕಾದ್ದು: ಮುಗಿದ ಮದುವೆಗಳ ಲಗ್ನಪತ್ರಿಕೆ, ಮಾರಿದ ಸಾಮಾನಿನ ಮ್ಯಾನುಯಲ್, ಮುಚ್ಚಿದ ಖಾತೆಯ ಚೆಕ್ ಬುಕ್ಕು. ಹೋಗುವ ಮುಂಚೆ ಹರಿಯಬೇಕು, ಅದೂ ಚೂರುಚೂರು. ಒಂದು ಸಂಜೆ ಬಿ.ಎಚ್. ರಸ್ತೆಯಲ್ಲಿ ಕಡ್ಲೇಕಾಯಿ ಕಟ್ಟಿಸಿಕೊಂಡೆ. ತಿಂದು ಮುಗಿಸಿ ಪೊಟ್ಟಣ ಬಿಚ್ಚಿದರೆ ಯಾರದೋ ಸಾಲದ ಅರ್ಜಿಯ ಜೆರಾಕ್ಸು. ಹೆಸರು, ಫೋನ್ ನಂಬರ್, ಖಾತೆ ನಂಬರ್, ಸಹಿ, ಪಾಸ್‌ಪೋರ್ಟ್ ಸೈಜ್ ಫೋಟೋ ಎಲ್ಲ ಇತ್ತು, ಮೂಗಿನ ಮೇಲೆ ಉಪ್ಪುಖಾರ ಅಂಟಿತ್ತು. ಮನೆಗೆ ಬಂದು ನಮ್ಮ ಆಧಾರ್ ಜೆರಾಕ್ಸುಗಳನ್ನೆಲ್ಲ ಹುಡುಕಿ ಬಕೆಟ್ ನೀರಿಗೆ ಹಾಕಿ ಕಿವುಚಿದೆ.

ಮಾತ್ರೆ ಡಬ್ಬ

ತಾರೀಕು ಮುಗಿದದ್ದು ಹೋಗಲಿ. ತಾರೀಕು ಕಾಣದಂತೆ ಕತ್ತರಿಸಿದ ಸ್ಟ್ರಿಪ್ಪೂ ಹೋಗಲಿ. ಕಣ್ಣಿಗೆ ಬಿಡುವ ಡ್ರಾಪ್ಸ್ ತೆರೆದು ಒಂದು ತಿಂಗಳಾದರೆ ಬೇಡ. ನೀರು ಬೆರೆಸಿದ ಮಕ್ಕಳ ಆಂಟಿಬಯೋಟಿಕ್ ಸಿರಪ್ಪು ಅದರ ಮೇಲೆ ಬರೆದಷ್ಟು ದಿನ ಮಾತ್ರ. ಬಿಸಾಕುವಾಗ ಸ್ಟ್ರಿಪ್ಪಿನಿಂದ ಬಿಡಿಸಿ, ಕಾಫಿ ಚರಟದ ಜೊತೆ ಕಲಸಿ, ಕವರಿಗೆ ಹಾಕಿ ಕಟ್ಟಿ, ಹಸಿ ಕಸಕ್ಕೆ ಸೇರಿಸದೆ ಬೇರೆಯಾಗಿ ಕೊಡಿ. ಹಾಗೇ ಬಿಸಾಕಿದರೆ ಯಾರೋ ಎತ್ತಿಕೊಂಡು ಹೋಗುವ ಭಯ ಇದ್ದೇ ಇದೆ.

ವೈರು, ಚಾರ್ಜರು, ಹಳೇ ಫೋನು

ಯಾವುದರ ಚಾರ್ಜರ್ ಅಂತ ಗೊತ್ತಿಲ್ಲದ್ದನ್ನು ಹಿಂಬದಿ ಓದಿ. ವೋಲ್ಟು, ಆಂಪು ನಮ್ಮ ಯಾವ ಯಂತ್ರಕ್ಕೂ ಹೊಂದದಿದ್ದರೆ ಬೇಡ. ಹಳೇ ಫೋನು ಕೊಡುವ ಮುಂಚೆ ಫೋಟೋ ತೆಗೆದಿಟ್ಟುಕೊಂಡು, ಖಾತೆ ಲಾಗೌಟ್ ಮಾಡಿ, ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ಮು, ಮೆಮೊರಿ ಕಾರ್ಡು ತೆಗೆಯಿರಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಮನೆ ಒಳಗೆ ಒಂದು ದಿನವೂ ಬೇಡ, ಇ-ತ್ಯಾಜ್ಯ ತಗೊಳ್ಳುವವರಿಗೆ ಅಥವಾ ಸರ್ವಿಸ್ ಸೆಂಟರಿಗೆ ಕೊಡಿ. ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುತ್ತದೆ, ಒಡೆಯದಂತೆ ಪೇಪರ್ ಸುತ್ತಿ ಬೇರೆ ಕೊಡಿ. ಯುಪಿಎಸ್ ಬ್ಯಾಟರಿಯನ್ನು ಗುಜರಿಗೆ ಹಾಕುವ ಮುಂಚೆ ಬ್ಯಾಟರಿ ಅಂಗಡಿಯಲ್ಲಿ ಕೇಳಿ, ಹೊಸದು ತಗೊಳ್ಳುವಾಗ ಹಳೆಯದಕ್ಕೆ ಬೆಲೆ ಕಳೆಯುತ್ತಾರೆ.

ದೇವರ ಫೋಟೋ, ಹೋದವರ ಸಾಮಾನು

ಗಾಜು ಒಡೆದ ದೇವರ ಪಟ, ಹಳೇ ಕ್ಯಾಲೆಂಡರ್, ಬಣ್ಣ ಹೋದ ಮಣ್ಣಿನ ಗಣಪತಿ. ಇವನ್ನು ಬಿಸಾಕೋಕೆ ಯಾರಿಗೂ ಕೈ ಬರುವುದಿಲ್ಲ. ಅದಕ್ಕೇ ಅರಳಿಕಟ್ಟೆ ಕೆಳಗೆ ತಂದು ಇಟ್ಟು ಕೈಮುಗಿದು ಹೋಗುತ್ತೇವೆ, ಮಳೆಗೆ ನೆನೆದು, ನಾಯಿ ಎಳೆದಾಡಿ, ಆ ದೇವರ ಪಾಡು ನೋಡೋಕಾಗದು. ಅಮಾನಿಕೆರೆಗೆ ಹಾಕುವುದೂ ಬೇಡ. ನಾವು ಹೀಗೆ ಮಾಡುತ್ತೇವೆ. ಚೌಕಟ್ಟು, ಗಾಜು ಬಿಡಿಸಿ ಬೇರೆ ಮಾಡುತ್ತೇವೆ. ತೆಳು ಕಾಗದದ ಪಟವನ್ನು ಒಂದು ರಾತ್ರಿ ಬಕೆಟ್ ನೀರಿನಲ್ಲಿ ನೆನೆಸಿ, ಮುದ್ದೆ ಮಾಡಿ, ದಾಸವಾಳದ ಬುಡಕ್ಕೆ ಮಣ್ಣು ಮುಚ್ಚುತ್ತೇವೆ. ಪ್ಲಾಸ್ಟಿಕ್ ಪದರ ಇದ್ದರೆ ಅದು ಕರಗದು, ಒಣ ಕಸಕ್ಕೆ. ಬಣ್ಣ ಹಾಕದ ಮಣ್ಣಿನ ಗಣಪತಿಯನ್ನು ಬಕೆಟ್ಟಿನಲ್ಲೇ ಕರಗಿಸಿ ಗಿಡಕ್ಕೆ ಹಾಕಬಹುದು.

ತೀರಿಹೋದವರ ಸಾಮಾನು ವರ್ಷದ ತಿಥಿ ಆಗುವವರೆಗೆ ಮುಟ್ಟದಿರುವುದು ವಾಸಿ. ಆಮೇಲೂ ಒಬ್ಬರೇ ಕೂತು ಮಾಡಬೇಡಿ. ಅಪ್ಪನ ಅಂಗಿಗಳನ್ನು ಕೊಟ್ಟೆವು, ಕನ್ನಡಕ, ಕೋಲು ಕೊಟ್ಟೆವು. ಎಚ್‌ಎಂಟಿ ವಾಚ್ ಇಟ್ಟುಕೊಂಡೆ. ನಮ್ಮೂರಲ್ಲೇ ವಾಚ್ ಫ್ಯಾಕ್ಟರಿ ಇತ್ತು, 2016ರಲ್ಲಿ ಮುಚ್ಚಿತು, ಜಾಗ ಆಮೇಲೆ ಇಸ್ರೋಗೆ ಹೋಯಿತು. ಬೆಳಗ್ಗೆ ಕೀ ಕೊಟ್ಟರೆ ಸಾಕು, ಬ್ಯಾಟರಿ ಬೇಡ. ಬೀರುವಿನಲ್ಲಿ ಇಟ್ಟಿದ್ದಾಗ ನಿಂತೇ ಇತ್ತು, ಒಮ್ಮೆ ಎಣ್ಣೆ ಹಾಕಿಸಿದೆ, ಈಗ ದಿನಾ ಕಟ್ಟುತ್ತೇನೆ. ಹತ್ತು ಸಾಮಾನು ಟ್ರಂಕಿನಲ್ಲಿ ಇಡುವ ಬದಲು ಒಂದನ್ನು ಬಳಕೆಗೆ ತನ್ನಿ. ಫೋಟೋಗಳಲ್ಲಿ ಮಸುಕಾದವು, ಒಂದೇ ಥರದ ಹತ್ತು ಇದ್ದವು ಹೋಗಲಿ, ಆದರೆ ಇಟ್ಟುಕೊಂಡ ಫೋಟೋ ಹಿಂದೆ ಯಾರು, ಯಾವೂರು ಅಂತ ಪೆನ್ಸಿಲ್ಲಿನಲ್ಲಿ ಅಮ್ಮನ ಹತ್ತಿರ ಕೇಳಿ ಬರೆದಿಡಿ. ಇನ್ನು ಹತ್ತು ವರ್ಷ ಆದರೆ ಕೇಳೋಕೆ ಜನ ಇರುವುದಿಲ್ಲ.

ಚೀಲ ಅವತ್ತೇ ಆಚೆ

ತುಂಬಿದ ಚೀಲ ಮೆಟ್ಟಿಲ ಕೆಳಗೆ ಒಂದು ರಾತ್ರಿ ಕೂತರೆ ಬೆಳಗ್ಗೆ ಅದರಿಂದ ಯಾರಾದರೂ ಏನಾದರೂ ವಾಪಸ್ ತೆಗೆದಿರುತ್ತಾರೆ. ಹಾಗಾಗಿ ಗುಜರಿಯವರಿಗೆ ಮೊದಲೇ ಹೇಳಿ, ಮಧ್ಯಾಹ್ನ ಬರೋಕೆ ಒಪ್ಪಿಸಿ. ಹಾಸಿಗೆ, ಥರ್ಮಾಕೋಲು, ಮುರಿದ ಪ್ಲಾಸ್ಟಿಕ್ ಕುರ್ಚಿಯಂಥವನ್ನು ಅವರು ತಗೊಳ್ಳದಿದ್ದರೆ ಪಾಲಿಕೆ ಕಸದ ಆಟೋದವರನ್ನು ಕೇಳಿ. ಪಕ್ಕದ ಖಾಲಿ ಸೈಟಿಗೆ ಎಸೆಯಬೇಡಿ, ಬೆಂಕಿ ಹಾಕಲೇಬೇಡಿ. ಪರೀಕ್ಷೆಗೆ ಓದುವ ಪುಸ್ತಕ, ಗೈಡು ಇದ್ದರೆ ಬೀದಿಯಲ್ಲಿ ರೂಮು ಮಾಡಿಕೊಂಡಿರುವ ಕಾಲೇಜು ಹುಡುಗರನ್ನು ಕೇಳಿ, ಸಂತೋಷವಾಗಿ ತಗೊಂಡು ಹೋಗುತ್ತಾರೆ.

ಅನುಮಾನದ ಡಬ್ಬ

ಎಷ್ಟು ಕೇಳಿದರೂ ತೀರ್ಮಾನ ಆಗದ್ದು ಇರುತ್ತದೆ. ಒಂದು ಸಾಮಾನಿಗೆ ಎರಡು ನಿಮಿಷಕ್ಕಿಂತ ಜಾಸ್ತಿ ಯೋಚನೆ ಬಂದರೆ ಡಬ್ಬಕ್ಕೆ ಹಾಕಿ. ಡಬ್ಬ ತುಂಬಿದ ಮೇಲೆ ಟೇಪ್ ಹೊಡೆದು, ಮೇಲೆ ದಪ್ಪ ಅಕ್ಷರದಲ್ಲಿ ಎರಡು ತಾರೀಕು ಬರೆಯಿರಿ: ಹತ್ತಿದ ದಿನ, ಇಳಿಯುವ ದಿನ. ಮಧ್ಯೆ ಹತ್ತು ತಿಂಗಳು, ಕೊಬ್ಬರಿ ಲೆಕ್ಕ. ಒಳಗೇನಿದೆ ಅಂತ ಮಾತ್ರ ಬರೆಯಬೇಡಿ. ಬೇಕಾದದ್ದು ನೆನಪಾಗಿ ಯಾರಾದರೂ ಹುಡುಕಿಕೊಂಡು ಬಂದರೆ ತೆಗೆದುಕೊಡಿ, ಅದು ಇರಬೇಕಾದ್ದೇ. ಇಳಿಯುವ ದಿನದವರೆಗೆ ಯಾರೂ ಕೇಳದಿದ್ದರೆ ಬಿಚ್ಚದೆ ಕೊಟ್ಟುಬಿಡಿ. ಕಾಗದ, ಒಡವೆ, ಫೋಟೋ ಮಾತ್ರ ಈ ಡಬ್ಬಕ್ಕೆ ಹಾಕಬೇಡಿ, ಅವನ್ನು ಬಿಚ್ಚದೆ ಕೊಡೋಕಾಗದು.

ನಮ್ಮ ಮೊದಲ ಡಬ್ಬದ ದಿನ ಹೋದ ತಿಂಗಳು ಬಂತು. ಅಟ್ಟದಿಂದ ಇಳಿಸಿ ಗೇಟಿನ ಹತ್ತಿರ ಇ‌ಟ್ಟಿದ್ದೆ. ಅಮ್ಮ ಬಂದು ಸುತ್ತ ನೋಡಿದಳು. ತಾರೀಕು ಓದಿದಳು. ಆಮೇಲೆ ಬಗ್ಗಿ, ಎರಡೂ ಕೈಯಲ್ಲಿ ಡಬ್ಬ ಎತ್ತಿ, ಕಿವಿ ಹತ್ತಿರ ಹಿಡಿದು ನಿಧಾನಕ್ಕೆ ಅಲ್ಲಾಡಿಸಿದಳು. ಒಳಗೆ ಏನೋ ಕಿಣಿಕಿಣಿ ಅಂತು.

"ಇನ್ನೂ ನೀರಾಡ್ತಿದೆ ಕಣೋ" ಅಂದಳು. "ಮೇಲಿಡು."